ಒಲಿಂಡಾ ಸೋಡಾದ ಮೊದಲ ಅಕ್ಷರ

ಕುಕ್ಕುಂದೂರಿನ ಲೀಲಾಧರ ಬೆಳಿಗ್ಗೆಯೇ ಫೋನು ಮಾಡಿ, "ಮನೋರಮಕ್ಕನನ್ನು ಒಮ್ಮೆ ಕರೆದುಕೊಂಡು ಬನ್ನಿ ಶೀನಣ್ಣ, ಗಿರಾಕಿ ಎದುರು ನನ್ನ ಮರ್ಯಾದೆ ಹೋಯಿತು" ಎಂದ. ಮನೋರಮಾ ನನ್ನ ಹೆಂಡತಿ. ಕಡಿಯಾಳಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಬಿಡುವಿದ್ದಾಗ ಊರವರ ಕಿತಾಪತಿಗಳನ್ನು ಪತ್ತೆ ಹಚ್ಚುತ್ತಾಳೆ. ಸ್ಕೂಟರ್ ಓಡಿಸುವುದು ನಾನು. ಕೀರ್ತಿ ಅವಳಿಗೆ, ಪೆಟ್ರೋಲಿನ ಖರ್ಚು ನನಗೆ.

ಲೀಲಾಧರ ಮತ್ತು ಅವನ ಹೆಂಡತಿಯ ತಮ್ಮ ಸುಕೇಶ್ ಜೊತೆಯಾಗಿ ಹಳೆಯ ಸೋಡಾ ಕೂಲರ್‌ಗಳನ್ನು ಹೊಸದು ಮಾಡುವವರು. ಶೆಡ್ಡಿನ ನಡುವೆ ಕಾಪುವಿನ ಗಿರಾಕಿ ಲವಿಟಾಳ ಕೆಂಪು ಕೂಲರ್ ನಿಂತಿತ್ತು, ಪಕ್ಕದಲ್ಲಿ ಅವಳೂ ಇದ್ದಳು. ಅವಳ ತಂದೆ ಲಿಗೋರಿ ಹೆಂಡತಿಯ ಹೆಸರನ್ನೇ ತಗಡಿನಲ್ಲಿ ಉಬ್ಬಿಸಿ 'ಒಲಿಂಡಾ ಸೋಡಾ' ಎಂದು ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಮುಚ್ಚಿದ್ದ ಅಂಗಡಿಯನ್ನು ಮಗಳು ಮತ್ತೆ ತೆರೆಯುವವಳಿದ್ದಳು. ಸುಕೇಶ್ ಹಿಂದಿನ ದಿನವಷ್ಟೇ ಆ ಉಬ್ಬಕ್ಷರಗಳಿಗೆ ಬಿಳಿ ಬಣ್ಣ ಕೊಟ್ಟಿದ್ದ. ಈಗ ನೋಡಿದರೆ ಮೊದಲ ಅಕ್ಷರ 'ಒ' ಮಾತ್ರ ಯಾರೋ ಒರೆಸಿ ಹಾಕಿದ್ದರು.

"ಯಾರೋ ಅಲ್ಲ, ಇವನೇ," ಎಂದ ಲೀಲಾಧರ, ಸುಕೇಶನತ್ತ ಕೈ ತೋರಿಸಿ. "ನಿನ್ನೆ ಸಂಜೆ ಆ ಅಕ್ಷರ ಸರಿ ಬರಲಿಲ್ಲ ಅಂತ ಲವಿಟಾ ಅವರೆದುರೇ ಹೇಳಿದೆ. ಆ ಸಿಟ್ಟು. ಆಮೇಲೆ ಎಲ್ಲರೂ ಚಹಾಕ್ಕೆ ಹೋಗಿದ್ದೆವು, ಇವರ ತಾಯಿ ಬಾಯಮ್ಮ ಮಾತ್ರ ಮೊಣಕಾಲು ನೋವೆಂದು ಇಲ್ಲೇ ಕೂತಿದ್ದರು. ಅವರು ಹೊರಟ ಮೇಲೆ ಬೀಗ ಹಾಕಿದ್ದು ಇವನೇ."

"ಕತ್ತಲಾಗಿತ್ತು, ಲೈಟು ಹಾಕದೆ ಬೀಗ ಹಾಕಿದೆ, ಕೂಲರ್ ನೋಡಲೇ ಇಲ್ಲ," ಎಂದ ಸುಕೇಶ್. ಅವನ ಬ್ರಶ್ಶುಗಳು ಆಗಲೇ ಚೀಲ ಸೇರಿದ್ದವು. "ನಂಬಿಕೆ ಇಲ್ಲದ ಕಡೆ ಎಂತ ಕೆಲಸ."

ಬಾಗಿಲ ಬಳಿಯ ಕುರ್ಚಿಯಲ್ಲಿ ಲವಿಟಾಳ ತಾಯಿ ಒಲಿಂಡಾ ಬಾಯಿ ಪುಟ್ಟ ಸೀಸೆಯಿಂದ ಎಣ್ಣೆ ತೆಗೆದು ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದರು. ನನಗೂ ಸುಕೇಶನ ಮೇಲೆಯೇ ಅನುಮಾನ. ಮನೋರಮಾ ಆ ಅಕ್ಷರದ ಮೇಲೆ ನೀರು ಚಿಮುಕಿಸಿದಳು. ಹನಿಗಳು ಹರಡದೆ ಗುಂಡಗೆ ನಿಂತವು. ಒರೆಸಿದ ಜಾಗದಲ್ಲಿ ಬೆರಳ ತುದಿಯಗಲದ ಬಿಳಿ ಚುಕ್ಕೆಗಳಿದ್ದವು. ಅವಳು ಅದನ್ನು ಮೂಸಿ ನೋಡಿ ಎಲ್ಲರನ್ನೂ ಹತ್ತಿರ ಕರೆದಳು.

"ಸುಕೇಶ್ ಒರೆಸಿದ್ದಿದ್ದರೆ ಬಣ್ಣ ಕರಗಿಸುವ ಥಿನ್ನರ್ ಹಾಕುತ್ತಿದ್ದ, ಅಡಿಯ ಕೆಂಪೂ ಎದ್ದು ಬರುತ್ತಿತ್ತು. ಇಲ್ಲಿ ಕೆಂಪಿಗೆ ಒಂದು ಗೀರೂ ಇಲ್ಲ. ಇದು ತೆಂಗಿನೆಣ್ಣೆ. ಬಣ್ಣ ಹಸಿಯಾಗಿದ್ದಾಗಲೇ, ಅಂದರೆ ಸಂಜೆಯೇ ಒರೆಸಿದ್ದು. ಹಾಳು ಮಾಡಲಿಕ್ಕೆ ಬಂದವರು ಇಷ್ಟು ಜಾಗ್ರತೆ ಮಾಡುವುದಿಲ್ಲ. ಒರೆಸಿದ ಮೇಲೆ ಬೆರಳಿನಿಂದ ಮತ್ತೆ ಬಣ್ಣ ಹಚ್ಚಲು ನೋಡಿದ್ದಾರೆ. ಎಣ್ಣೆಯ ಉಗುರಿಗೆ ಪಾಲಿಶ್ ನಿಲ್ಲುವುದಿಲ್ಲ, ಇದೂ ಹಾಗೆ. ಪೇಂಟರ್ ಈ ತಪ್ಪು ಮಾಡುವುದಿಲ್ಲ." ಅವಳು ಕುರ್ಚಿಯ ಪಕ್ಕ ಕುಳಿತಳು. "ಒಳಗೆ ಒಬ್ಬರೇ ಇದ್ದದ್ದು ನೀವು, ಸೀಸೆಯೂ ನಿಮ್ಮದೇ. ಯಾಕೆ ಬಾಯಮ್ಮ?"

ಲವಿಟಾ, "ಮಮ್ಮಿ?" ಎಂದಳು.

"ಪ್ರತಿ ವರ್ಷ ಹೊಸ ತೆನೆಯ ಮೋಂತಿ ಹಬ್ಬದ ಮೊದಲು ಇವಳ ತಂದೆಯೇ ಬಣ್ಣ ಹಾಕುತ್ತಿದ್ದದ್ದು," ಎಂದರು ಒಲಿಂಡಾ ಬಾಯಿ. "ಎಲ್ಲ ಮುಗಿಸಿ 'ಒ' ಮಾತ್ರ ನನಗೆ ಬಿಡುತ್ತಿದ್ದರು. ನಾನು ಬೆರಳಿನಲ್ಲಿ ಹಚ್ಚುತ್ತಿದ್ದೆ. ನಿನ್ನೆ ಬಂದರೆ ಅದೂ ಆಗಿಹೋಗಿತ್ತು. ಒಂದೇ ಅಕ್ಷರ ಅಲ್ವಾ, ನಾನೇ ಹಾಕುವ ಅಂತ ಒರೆಸಿದೆ. ಮತ್ತೆ ಬಣ್ಣ ಹಿಡಿಯಲೇ ಇಲ್ಲ. ಬೆಳಿಗ್ಗೆ ಈ ಹುಡುಗನಿಗೆ ಬೈಯುವಾಗ ಹೇಳಬೇಕಿತ್ತು, ನಾಚಿಕೆಯಾಯಿತು."

ನನ್ನ ಕಣ್ಣು ತುಂಬಿತು, ಅದನ್ನು ಮುಚ್ಚಿಡುವುದೇಕೆ. ಸುಕೇಶ್ ಸೋಪುನೀರು ತಂದು ಎಣ್ಣೆ ತೊಳೆದ, ಬಟ್ಟೆಯಿಂದ ಒತ್ತಿ ಒಣಗಿಸಿದ, ಬಣ್ಣದ ಡಬ್ಬಿ ತೆರೆದು ಬಾಯಮ್ಮನ ಮುಂದೆ ಹಿಡಿದ. ಅವರು ಬೆರಳಿನಲ್ಲಿ 'ಒ'ಗೆ ಹಚ್ಚುವಾಗ ಬಿಳಿ ಬಣ್ಣ ಕೆಂಪಿನ ಮೇಲೂ ಹರಿಯಿತು. ಒರೆಸಲು ಲೀಲಾಧರ ಬಟ್ಟೆ ಎತ್ತಿದ.

"ಇರಲಿ ಭಾವ. ಅದು ಅವರ ಅಕ್ಷರ," ಎಂದ ಸುಕೇಶ್.

ಲೀಲಾಧರ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ತಪ್ಪಾಯಿತು ಮಾರಾಯ. ನಾಳೆ ಬರುತ್ತೀಯಾ?"

"ಇವತ್ತು ಹೋದರಲ್ಲವಾ ನಾಳೆ ಬರುವುದು," ಎಂದ ಸುಕೇಶ್, ಚೀಲದಿಂದ ಬ್ರಶ್ಶುಗಳನ್ನು ಹೊರಗೆ ತೆಗೆಯುತ್ತಾ.