ದೂಜ ತುಳುವಿನಲ್ಲಿ ಹೇಳಿದ್ದು

"ತಂತಿ ಕಟ್ ಆದದ್ದು ನಿಮ್ಮಿಂದ. ಕಟ್ ಆದ ಜಾಗ ನೋಡಿದ್ರೆ ಗೊತ್ತಾಗ್ತದೆ, ಬಾಲ್ ಬರುವಾಗ ನೀವು ಲೇಟ್ ಮಾಡ್ತೀರಿ."

ಬೈಕುಲ್ಲಾದ ಆ ಇಕ್ಕಟ್ಟಾದ ವರ್ಕ್‌ಶಾಪಿನಲ್ಲಿ ವನಮಾಲಾಳ ಮೂಗಿನ ತುದಿ ಕೆಂಪಾಯಿತು. ಎರಡೇ ವಾರದ ಹಿಂದೆ ತಂತಿ ಕಟ್ಟಿಸಿದ ಟೆನಿಸ್ ರ್‍ಯಾಕೆಟ್! ಕಟ್ಟಿದವನು ಕ್ಷಮೆ ಕೇಳುವುದು ಬಿಟ್ಟು ಅವಳಿಗೇ ಪಾಠ ಹೇಳುವುದೇ?

ಅವನ ಹೆಸರು ದೂಜ. ಮನೆತನ ಉಡುಪಿಯದು, ಹುಟ್ಟಿ ಬೆಳೆದದ್ದು ಮುಂಬಯಿಯಲ್ಲಿ. ತುಳು ಸರಾಗ, ಕನ್ನಡ ಮಾತ್ರ ಕುಂಟುತ್ತಿತ್ತು.

ಹೊಸ ತಂತಿ ಕಟ್ಟಿಸಿಕೊಂಡು ಮುಲುಂಡಿಗೆ ಹಿಂದಿರುಗುವ ಲೋಕಲ್‌ನಲ್ಲಿ ಅವಳು ಅವನನ್ನು ಮನಸಾರೆ ಬೈದುಕೊಂಡಳು. ಮರುದಿನ ಆಟಕ್ಕಿಳಿದು, ಬೇಕೆಂದೇ ತುಸು ಮೊದಲು ರ್‍ಯಾಕೆಟ್ ಬೀಸಿದಳು... ಅಬ್ಬಾ! ಚೆಂಡು ಹೋದ ವೇಗ ಅವಳಿಗೇ ನಂಬಲಾಗಲಿಲ್ಲ.

೧೯೫೪ರ ಆ ಚಳಿಗಾಲ ಪೂರ್ತಿ ಅವಳದೇ. ಯಾರೂ ಹೆಸರು ಕೇಳಿರದ ಹತ್ತೊಂಬತ್ತರ ಹುಡುಗಿ ದೊಡ್ಡ ಕ್ಲಬ್ಬುಗಳ ಆಟಗಾರ್ತಿಯರನ್ನು ಒಬ್ಬೊಬ್ಬರನ್ನಾಗಿ ಮಣಿಸಿ ಮುಂಬಯಿ ಪಂದ್ಯಾವಳಿಯ ಫೈನಲ್ ತಲುಪಿದಳು. ತಂತಿ ಕುರಿಯ ಕರುಳಿನದು ಎಂದು ತಾಯಿ ಪುಟ್ಟಲಕ್ಷ್ಮಿ ರ್‍ಯಾಕೆಟ್ಟನ್ನು ಹೊಸ್ತಿಲು ದಾಟಿ ಒಳಗೆ ತರಲು ಬಿಡುತ್ತಿರಲಿಲ್ಲ. ತಂದೆ ವೆಂಕಟಸುಬ್ಬಯ್ಯನವರದು ಒಂದೇ ಮಾತು. ಫೈನಲ್ ಗೆದ್ದರೆ ಕಲ್ಕತ್ತೆಯ ಪಂದ್ಯಾವಳಿ, ಸೋತರೆ ಆಟ ಬಿಟ್ಟು ಅವರು ನೋಡಿದ ವರನಿಗೆ ಕೊರಳೊಡ್ಡಬೇಕು.

ತಂತಿ ಗಟ್ಟಿಯಾಗಿದ್ದರೂ ಅವಳು ಬೈಕುಲ್ಲಾ ಸ್ಟೇಶನ್‌ನಲ್ಲಿ ಇಳಿಯುತ್ತಿದ್ದಳು. ಯಾಕೆಂದು ಅವಳ ಮನಸ್ಸಿಗೆ ಚೆನ್ನಾಗಿಯೇ ಗೊತ್ತಿತ್ತು.

ಫೈನಲ್ಲಿನ ಹಿಂದಿನ ದಿನ, ಆಟದ ಮಾತಿನ ನಡುವೆ ಕೇಳಿದಳು, "ನಿಜ ಹೇಳಿ. ನನ್ನ ಬಗ್ಗೆ ನಿಮಗೇನನ್ಸುತ್ತೆ?"

ದೂಜ ತಲೆ ತಗ್ಗಿಸಿದ. ಅವನ ಕನ್ನಡ ಅಲ್ಲೇ ಕೈಕೊಟ್ಟಿತು.

"ಎಂಕ್ ಈರ್ ಬೋಡು," ಎಂದ ಮೆಲ್ಲಗೆ.

ಬೋಡು! ಅವಳ ಕಿವಿಗೆ ಪರಿಚಿತವಾದದ್ದು ಅದೊಂದೇ ಪದ. ಮೈಸೂರಿನ ಕಡೆಯ ಅವರ ಮನೆಯಲ್ಲಿ ಬೋಡು ಎಂದರೆ ಬೋಳು. ಬೋಡು ತಲೆ, ಬೋಡು ಹಣೆ... 'ಅಂದರೆ ನನ್ನಲ್ಲಿ ಏನೂ ಇಲ್ಲವೇ? ಇಂಥವನಿಗಾಗಿ ನಾನು ದಿನಾ ಓಡೋಡಿ ಬಂದೆನೇ?' ಕಣ್ಣು ತುಂಬಿ ಬಂತು. ರ್‍ಯಾಕೆಟ್ ಕಿತ್ತುಕೊಂಡು ಹೊರಟೇಬಿಟ್ಟಳು.

ಮರುದಿನ ಮೊದಲ ಸೆಟ್ ಆರು-ಒಂದರಿಂದ ಕೈತಪ್ಪಿತು. ಎರಡನೆಯದರಲ್ಲೂ ಅವಳು ಹಿಂದೆ. ಬದಿ ಬದಲಿಸುವಾಗ ಪ್ರೇಕ್ಷಕನೊಬ್ಬ ಕ್ಲಬ್ಬಿನ ಕ್ಯಾಂಟೀನಿನತ್ತ ಕೂಗಿದ್ದು ಕೇಳಿಸಿತು.

"ಕಾಂತಪ್ಪಣ್ಣ, ಎಂಕ್ ಒಂಜಿ ಚಾ ಬೋಡು."

ಕಾಂತಪ್ಪ ಸೀದಾ ಬಂದು ಅವನ ಕೈಗೆ ಚಹಾ ಕೊಟ್ಟ.

ವನಮಾಲಾ ನಿಂತಲ್ಲೇ ನಿಂತಳು. ಬೋಡು ಎಂದರೆ... ಬೇಕು! ಅಯ್ಯೋ ನನ್ನ ಮಂಕುಬುದ್ಧಿಯೇ!

ಆಮೇಲೆ ಅಂಕಣದಲ್ಲಿ ಓಡಾಡಿದವಳು ಬೇರೆಯೇ ವನಮಾಲಾ. ಎರಡನೆಯ ಸೆಟ್ಟನ್ನು ಕಸಿದುಕೊಂಡಳು. ಮೂರನೆಯದು ಐದು-ಐದಕ್ಕೆ ಬಂದಾಗ ಇಡೀ ಮೈದಾನ ಎದ್ದು ನಿಂತಿತು... ಏಳು-ಐದು! ಗಂಭೀರ ಮುಖದ ವೆಂಕಟಸುಬ್ಬಯ್ಯನವರು ಕೊಡೆ ಎತ್ತಿ ಕುಣಿದೇಬಿಟ್ಟರು.

ಸಂಜೆ ಅವಳು ವರ್ಕ್‌ಶಾಪಿಗೆ ಬಂದಾಗ ದೂಜ ಗಡಬಡಿಸಿ ಎದ್ದ. ನಿನ್ನೆ ಬಾಯಿ ತಪ್ಪಿತು, ಮನ್ನಿಸಬೇಕು ಎಂದು ತಡವರಿಸಿದ.

"ಮನ್ನಿಸಲ್ಲ. ಅದನ್ನೇ ಕನ್ನಡದಲ್ಲಿ ಹೇಳಿ," ಎಂದಳು ವನಮಾಲಾ.

"ನಿಮಗೆ ಗೊತ್ತಾಯ್ತಲ್ಲ... ಇನ್ನು ಯಾಕೆ?"

"ನನಗೆ ಗೊತ್ತಾಯ್ತು. ನನಗೂ ನೀವೇ ಬೇಕು." ಅವಳು ದನಿ ತಗ್ಗಿಸಿದಳು. "ಆದ್ರೆ ಹೊರಗೆ ಅಪ್ಪ ನಿಂತಿದಾರೆ. ಅವರಿಗೆ ತುಳು ಬರಲ್ಲ."