ಬೆನ್ನುಹಲಗೆ ಮುಚ್ಚುವ ಮೊದಲು

"ಹೋದವರದ್ದು ಏನೂ ಇದರೊಳಗೆ ಸೇರಬಾರದು," ಎಂದಳು ವಾದ್ಯ ಮಾಡುವ ಮುದುಕಿ. ಅವನು ಮೇಜಿನ ಮೇಲೆ ಬಿಚ್ಚಿಟ್ಟ ಚೀಲದತ್ತ ಅವಳು ಕೈ ಚಾಚಲೂ ಇಲ್ಲ. "ಒಂದು ಚೂರೂ ಸೇರಬಾರದು. ಒಪ್ಪಿದ್ರೆ ಮಾಡ್ಕೊಡ್ತೀನಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ಅವನು ನಕ್ಕುಬಿಟ್ಟ. ಕಾರ್ಖಾನೆಗಳಲ್ಲಿ ಯಂತ್ರಗಳ ಸದ್ದು ಅಳೆಯುವುದು ಅವನ ಕೆಲಸ. ಜೊತೆಯವರು ಅವನನ್ನು ಡೆಸಿಬಲ್ ಎಂದೇ ಕರೆಯುತ್ತಿದ್ದರು. ತನ್ನ ಕಿವಿಯನ್ನೂ ನಂಬದೆ ಮೊದಲು ಮೀಟರ್ ನೋಡುವ ಆಸಾಮಿ.

"ಮರಕ್ಕೆ ತೂಕ ಇದೆ, ತೇವ ಇದೆ ಮೇಡಂ. ನೆನಪು ಗಿನಪು ಏನಿಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ."

"ಹಾಗಿದ್ರೆ ಈ ಚೂರುಗಳನ್ನ ಯಾಕೆ ಹೊತ್ಕೊಂಡು ಬಂದ್ರಿ?"

ಅವನು ಚೀಲದ ಬಾಯಿ ಎಳೆದು ಮುಚ್ಚಿದ. ಚೀಲದಲ್ಲಿದ್ದದ್ದು ಅವನ ಹೆಂಡತಿಯ ಮ್ಯಾಂಡೋಲಿನ್. ಎಂಟು ತಿಂಗಳ ಹಿಂದೆ ಒಂದು ಲಾರಿ ಅವಳನ್ನೂ ಅವಳ ಹೆಗಲಿಗಿದ್ದ ವಾದ್ಯವನ್ನೂ ಒಂದೇ ಗಳಿಗೆಯಲ್ಲಿ ಮುಗಿಸಿತ್ತು. ಉಳಿದದ್ದು ಮುರಿದ ಹಲಗೆ, ಸೊಟ್ಟಗಾದ ಬಿರಡೆ, ತುಕ್ಕು ಹಿಡಿಯುತ್ತಿದ್ದ ತಂತಿ. ಮತ್ತೆ ಒಂಬತ್ತು ವರ್ಷದ ಮಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ರಾತ್ರಿ ಕಣ್ಣು ಮುಚ್ಚುವವರೆಗೆ ಮಾತಾಡುವ ಆ ಹುಡುಗಿಯನ್ನು ತಾಯಿ ಗುಬ್ಬಿ ಎಂದು ಕರೆದಿದ್ದಳು. ಈಗ ಎಲ್ಲರಿಗೂ ಅವಳು ಗುಬ್ಬಿಯೇ. ಹತ್ತನೆಯ ಹುಟ್ಟುಹಬ್ಬಕ್ಕೆ ಅಮ್ಮನಂಥದ್ದೇ ಮ್ಯಾಂಡೋಲಿನ್ ಬೇಕೆಂದು ಅವಳು ಹಟ ಹಿಡಿದಿದ್ದಳು.

ಅವನು ಒಪ್ಪಿದ. ಒಪ್ಪಿದಂತೆ ನಟಿಸಿದ ಎನ್ನುವುದು ಸರಿ. ಮರುದಿನ ಅವನ ಜೊತೆ ಬಂದ ಗುಬ್ಬಿಯ ಎಡಗೈಯನ್ನು ಮುದುಕಿ ಕಾಗದದ ಮೇಲಿಟ್ಟು ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದಳು. ಆ ಪುಟ್ಟ ಬೆರಳುಗಳಿಗೆ ಸಿಗುವಷ್ಟು ತೆಳ್ಳಗೆ ವಾದ್ಯದ ಕತ್ತು ಕೆತ್ತಬೇಕಿತ್ತು.

ಅವಳ ಕೆಲಸದ ಕೋಣೆ ಬೀದಿಗಿಂತ ಆರು ಮೆಟ್ಟಿಲು ಕೆಳಗಿತ್ತು. ಇದ್ದ ಒಂದೇ ಕಿಟಕಿಯಲ್ಲಿ ಜನರ ಪಾದಗಳು ಮಾತ್ರ ಕಾಣುತ್ತಿದ್ದವು. ನಡುಮಧ್ಯಾಹ್ನವೂ ಮೂಲೆಗಳಲ್ಲಿ ಕತ್ತಲು ಕೂತಿರುತ್ತಿತ್ತು. ಹೆರೆದ ಮರದ ಸಿಹಿ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು: ತೊಗಲು ಬೇಯಿಸಿ ಮಾಡಿದ ಅಂಟಿನದು, ಸಣ್ಣ ಉರಿಯ ಮೇಲೆ ಸದಾ ಕುದಿಯುತ್ತಿದ್ದುದು. ವರ್ಷಕ್ಕೆ ಮೂರೇ ವಾದ್ಯ ಮಾಡುವ ಹೆಂಗಸು ಅವಳು. ಮೇಲುಹಲಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಿನ ಗೆಣ್ಣಿನಿಂದ ತಟ್ಟುವಳು. ಕೇಳುವಳು. ಉಳಿಯಿಂದ ಒಂದೇ ಒಂದು ಎಳೆ ಹೆರೆಯುವಳು. ಮತ್ತೆ ತಟ್ಟುವಳು. ಹೀಗೆ ವಾರಗಟ್ಟಲೆ.

"ಬಾಗಿಲು ತಟ್ಟಿದ ಹಾಗಿದೆ ಅಜ್ಜಿ," ಎಂದು ಗುಬ್ಬಿ ಒಮ್ಮೆ ಕಿಸಕ್ಕೆಂದಳು. "ಒಳಗೆ ಯಾರಾದ್ರೂ ಇದಾರಾ?"

"ಇಲ್ಲ. ಇರಬಾರದು, ಅದಕ್ಕೇ ತಟ್ಟೋದು."

ಬೆನ್ನುಹಲಗೆ ಅಂಟಿಸಿ ವಾದ್ಯದ ಪೆಟ್ಟಿಗೆ ಮುಚ್ಚುವ ಮೊದಲು ಮಾಡಿಸಿಕೊಂಡವರು ಬಂದು ಒಳಗೊಮ್ಮೆ ನೋಡಬೇಕು, ತಮ್ಮ ಕೈಯಿಂದ ಒಂದು ಚೀಟಿ ಅಂಟಿಸಬೇಕು. ಅದು ಅವಳ ಗುರುವಿನ ಕಾಲದಿಂದ ಬಂದ ಪದ್ಧತಿ. ಒಮ್ಮೆ ಮುಚ್ಚಿದರೆ ಒಳಗೆ ಬೆಳಕು ಬೀಳುವುದಿಲ್ಲ. ಏಳನೆಯ ತಿಂಗಳಲ್ಲಿ ಅವಳು ಹೇಳಿಕಳಿಸಿದಾಗ ಅವನು ಒಬ್ಬನೇ ಹೋದ. ಅಂಗಿಯ ಜೇಬಿನಲ್ಲಿ ಗುಬ್ಬಿ ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಇತ್ತು. ಚೀಟಿಯ ಮಡಿಕೆಯಲ್ಲಿ ಹಳೆಯ ಮ್ಯಾಂಡೋಲಿನ್ನಿನ ಉಗುರಗಲದ ಚೂರು.

ಅವನನ್ನು ಬೈಯುವುದು ಸುಲಭ. ಆದರೆ ಆ ದಿನಗಳಲ್ಲಿ ಅವನ ಎದೆಯಲ್ಲಿ ಏನಿತ್ತೆಂದು ಹೇಳಿಬಿಡಬೇಕು. ಅವನ ಹೆಂಡತಿ ತಂತಿ ಮೀಟುವ ಮೊದಲು ಆ ಸ್ವರವನ್ನು ಗಂಟಲಲ್ಲೇ ಗುನುಗುತ್ತಿದ್ದಳು. ಹದಿಮೂರು ವರ್ಷ ಆ ಗುನುಗು ಗೋಡೆಯಾಚೆಯಿಂದ ಅವನನ್ನು ಎಬ್ಬಿಸಿತ್ತು. ಅದು ಇನ್ನು ಯಾವತ್ತೂ ಕೇಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಮಾತ್ರ ಆಗುತ್ತಿರಲಿಲ್ಲ.

ಬಾಗಿಲ ಗಂಟೆ ಹೊಡೆಯಿತು. ಯಾರೋ ಮರ ತಂದಿದ್ದರು. ಮುದುಕಿ ಮೆಟ್ಟಿಲು ಹತ್ತಿದಳು. ಅವನು ಚೂರಿಗೆ ಅಂಟು ಸವರಿ ಹಲಗೆಯ ಒಳಮೈಗೆ ಒತ್ತಿದ. ಅದರ ಮೇಲೆ ಚೀಟಿ. ಆಮೇಲೆ, ಯಾಕೆಂದು ಅವನಿಗೂ ತಿಳಿಯದು, ತೆರೆದ ಪೆಟ್ಟಿಗೆಗೆ ಬಾಯಿ ತಗ್ಗಿಸಿ ಅವಳ ದನಿಯನ್ನು ಮನಸ್ಸಿನ ತುಂಬ ತಂದುಕೊಂಡು ಪಿಸುಗುಟ್ಟಿದ.

"ಒಂದ್ಸಲ ಬಾರೇ."

ಮುದುಕಿ ಬಂದಳು. ಮೂಗರಳಿಸಿ ಅತ್ತಿತ್ತ ನೋಡಿದಳು. ಅವನು ಸಾಧುವಿನಂತೆ ಕೈಕಟ್ಟಿ ನಿಂತಿದ್ದ. ಅವಳು ಬೆನ್ನುಹಲಗೆ ಕೂರಿಸಿ, ಸುತ್ತಲೂ ಇಪ್ಪತ್ತು ಕ್ಲಾಂಪುಗಳನ್ನು ಒಂದೊಂದಾಗಿ ಬಿಗಿದಳು.

ಹುಟ್ಟುಹಬ್ಬದ ಬೆಳಿಗ್ಗೆ ಮ್ಯಾಂಡೋಲಿನ್ ಮನೆಗೆ ಬಂತು. ಜೇನಿನ ಬಣ್ಣ, ಎಂಟು ಹೊಸ ತಂತಿ. ಗುಬ್ಬಿ ತೊಡೆಯ ಮೇಲಿಟ್ಟುಕೊಂಡು, ಅಮ್ಮ ಕಲಿಸಿದ್ದ ಒಂದೇ ಒಂದು ಪಾಠವನ್ನು ತಡವರಿಸುತ್ತಾ ನುಡಿಸಿದಳು. ಪ್ರತಿ ಮೀಟಿಗೂ ಒಂದು ಚಣ ಮೊದಲು ಪೆಟ್ಟಿಗೆಯ ಬಾಯಿಂದ ಗುನುಗು ಹೊರಟಿತು.

ಗುಬ್ಬಿ ಕೈ ನಿಲ್ಲಿಸಿ ತಲೆ ಎತ್ತಿದಳು.

"ಅಪ್ಪಾ. ಅಮ್ಮ."

ಅಪ್ಪ ಮಗಳು ನೆಲದ ಮೇಲೆ ಕೂತು ಆ ಪೆಟ್ಟಿಗೆಯನ್ನು ತಬ್ಬಿಕೊಂಡು ಮನಸಾರೆ ಅತ್ತರು. ಹೆದರಿಕೆ ಇಬ್ಬರಿಗೂ ಆಗಲಿಲ್ಲ. ವರ್ಷಕ್ಕೂ ಮೇಲೆ ಹಸಿದಿದ್ದವರಿಗೆ ಹೆದರಿಕೆ ಎಲ್ಲಿಂದ ಬರಬೇಕು.

ಮೂರನೆಯ ದಿನ ಗುಬ್ಬಿ ನಕ್ಕಾಗ ಸದ್ದು ಬರಲಿಲ್ಲ. ಬಾಯಿ ತೆರೆದಿತ್ತು, ಭುಜ ಕುಲುಕುತ್ತಿತ್ತು, ಅಷ್ಟೇ. ಆಮೇಲೆ ಮಾತು ಒರಟಾಯಿತು, ಸವೆಯಿತು. ವೈದ್ಯರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ, ಏನೂ ಇಲ್ಲ, ಬಿಸಿನೀರು ಕುಡಿಸಿ ಎಂದರು. ಅವನು ಆಫೀಸಿನಿಂದ ಮೀಟರ್ ತಂದ. ಅಭ್ಯಾಸಬಲ. ನಾಲ್ಕನೆಯ ದಿನ ಒಂದು ಮೀಟರ್ ದೂರದಲ್ಲಿ ಮಗಳ ಮಾತು ಐವತ್ತೆಂಟು ಡೆಸಿಬಲ್, ಪೆಟ್ಟಿಗೆಯ ಗುನುಗು ಮೂವತ್ತು. ಐದನೆಯ ದಿನ ಮಗಳದ್ದು ನಲವತ್ತಾರು, ಪೆಟ್ಟಿಗೆಯದ್ದು ನಲವತ್ತೆರಡು. ಏಳನೆಯ ದಿನ ಪೆಟ್ಟಿಗೆಯದ್ದು ಐವತ್ತು ದಾಟಿತ್ತು. ಮಗಳದ್ದನ್ನು ಅಳೆಯಲು ಅವನಿಗೆ ಧೈರ್ಯ ಬರಲಿಲ್ಲ.

ಅವನಿಗೆ ಅರ್ಥವಾಗಿತ್ತು. ಲೆಕ್ಕ ಬಾರದವನಿಗೂ ಅರ್ಥವಾಗುವಂಥದ್ದು ಅದು. ಆ ಬೆಳಿಗ್ಗೆಯೇ ಮ್ಯಾಂಡೋಲಿನ್ ಎತ್ತಿ ಅಟ್ಟಕ್ಕೆ ಹಾಕಬೇಕಿತ್ತು. ಬದಲಿಗೆ ಅವನು ಮಗಳ ತಲೆ ಸವರಿ ಹೇಳಿದ ಮಾತು ಇದು:

"ಇನ್ನೊಂದೇ ಒಂದ್ಸಲ ನುಡಿಸ್ತೀಯಾ ಪುಟ್ಟಾ?"

ಅವಳು ನುಡಿಸಿದಳು. ಗುನುಗು ನಿಂತಿತು. ಪೆಟ್ಟಿಗೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ತುಂಬುದನಿಯಲ್ಲಿ, ಅಡುಗೆಮನೆಯಿಂದ ಕರೆದಷ್ಟು ಸಹಜವಾಗಿ, "ಗುಬ್ಬೀ," ಎಂದಿತು.

ಗುಬ್ಬಿ ಓಗೊಡಲು ಬಾಯಿ ತೆರೆದಳು. ಗಾಳಿ ಬಂತು. ಬರೀ ಗಾಳಿ.

ಅವನು ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದು ಕೈಯಲ್ಲಿ ವಾದ್ಯವನ್ನೂ ಹಿಡಿದು ಆರು ಮೆಟ್ಟಿಲು ಇಳಿದಾಗ ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಏನಾಯಿತೆಂದು ಅವಳು ಕೇಳಲಿಲ್ಲ.

"ಎಷ್ಟು ಹಾಕಿದ್ರಿ?"

"ಉಗುರಿನಷ್ಟು."

"ಕರೆದ್ರಾ?"

ಅವನು ತಲೆ ತಗ್ಗಿಸಿದ.

"ಇದಕ್ಕೆ ದನಿಕಟ್ಟು ಅಂತಾರೆ," ಎಂದಳು ಅವಳು ಉರಿಯ ಮೇಲೆ ಚಾಕು ಕಾಯಿಸುತ್ತಾ. "ನನ್ನ ಗುರುಗಳ ಕಾಲದಲ್ಲಿ ಬೇಕು ಅಂತಲೇ ಮಾಡಿಸ್ಕೊಳ್ಳೋರು. ಕೂದಲು ತರೋರು, ಹಲ್ಲು ತರೋರು. ನೀವು ಪ್ರೀತಿಯಿಂದ ಮಾಡಿದ್ರಿ. ಮಾಟಕ್ಕೆ ಅದೆಲ್ಲ ಗೊತ್ತಾಗಲ್ಲ."

ಬಿಸಿ ಚಾಕು ಅಂಟಿನ ಗೆರೆಯಲ್ಲಿ ಇಳಿಯಿತು. ಬೆನ್ನುಹಲಗೆ ಚರಚರ ಸದ್ದು ಮಾಡುತ್ತಾ ಬಿಟ್ಟುಕೊಂಡಿತು. ಒಳಗಿಂದ ಬೆಚ್ಚನೆಯ ಉಸಿರು ಹೊರಬಂತು. ಹಾಲು ಕುಡಿದ ಮಗುವಿನ ಬಾಯಿಯ ವಾಸನೆ. ಗುಬ್ಬಿಯ ವಾಸನೆ.

ಉಗುರಗಲದ ಚೂರು ಎಲ್ಲೂ ಕಾಣಲಿಲ್ಲ. ಅದು ಬೇರು ಬಿಟ್ಟಿತ್ತು. ಬಿಳಿಯ ಹಲಗೆಯ ತುಂಬ ಕಂದು ಎಳೆಗಳು ಹಬ್ಬಿ, ಹೆಣೆದು, ನಡುವೆ ದಪ್ಪಗೆ ಕೂಡಿಕೊಂಡಿದ್ದವು. ಆ ದಪ್ಪ ಗಂಟು ತೇವವಾಗಿತ್ತು. ಅದು ಮೇಲೆ ಕೆಳಗೆ ಆಡುತ್ತಿತ್ತು, ಎಂಜಲು ನುಂಗುವ ಗಂಟಲಿನ ಹಾಗೆ.

"ಕತ್ತರಿಸಿ ಹಾಕಿ," ಎಂದ ಅವನು.

"ಅಲ್ಲಿರೋದು ನಿಮ್ಮ ಮಗಳದ್ದೇ ಗಂಟಲು. ಕತ್ತರಿಸಲಾ?"

"ಅವಳು ತನ್ನ ಮಗಳಿಗೇ ಹೀಗೆ ಮಾಡ್ತಾಳಾ? ಅವಳು ಅಂಥವಳಲ್ಲ."

"ಅದು ಅವಳಲ್ಲಪ್ಪಾ. ಅವಳ ದನಿ. ದನಿಗೆ ಮಗಳು ಯಾರು ಅಂತ ಗೊತ್ತಿರಲ್ಲ. ಹತ್ತಿರ ಸಿಕ್ಕಿದ ಗಂಟಲಿಗೆ ಇಳಿಯುತ್ತೆ, ಅಷ್ಟೇ." ಮುದುಕಿ ಅವನ ಮುಖ ನೋಡಲಿಲ್ಲ. "ಕರೆದವರೇ ಕಳಿಸಬೇಕು. ಯಾವುದರಿಂದ ಕರೆದ್ರೋ ಅದನ್ನೇ ಕೊಟ್ಟು ಕಳಿಸಬೇಕು. ನಿಮ್ಮೊಳಗೆ ಅವಳ ದನಿ ಎಷ್ಟು ಉಳಿದಿದೆಯೋ ಅಷ್ಟನ್ನೂ ಒಂದೊಂದೇ ಮಾತಾಗಿ ಇದರೊಳಗೆ ಹೇಳಿಬಿಡಬೇಕು. ನಾನೂ ಒಮ್ಮೆ ಕೊಟ್ಟಿದೀನಿ. ನನಗೊಬ್ಬ ಮಗ ಇದ್ದ. ಅಮ್ಮಾ ಅಂತಿದ್ನೋ ಅವ್ವಾ ಅಂತಿದ್ನೋ, ಕಾಗದದಲ್ಲಿ ಬರೆದಿಟ್ಕೊಂಡಿದೀನಿ. ಹೇಗೆ ಅಂತಿದ್ದ ಅಂತ ಗೊತ್ತಿಲ್ಲ."

ಗುಬ್ಬಿಗೆ ಎಲ್ಲ ಕೇಳಿಸಿತ್ತು. ಅವಳು ಮೇಜಿನ ಮೇಲಿನ ಪೆನ್ಸಿಲ್ ಎಳೆದುಕೊಂಡು ಬರೆದು ಅವನ ಕೈಗೆ ತುರುಕಿದಳು. ಅಮ್ಮ ಇರಲಿ ಅಪ್ಪ. ನನಗೆ ಮಾತು ಬೇಡ.

ಆ ಕಾಗದ ಓದಿದ ಮೇಲೆ ಇನ್ನು ಯೋಚಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅವನು ತೆರೆದ ಪೆಟ್ಟಿಗೆಯ ಮೇಲೆ ಬಗ್ಗಿದ.

"ಬಾಗಿಲು ಮೆಲ್ಲಗೆ ಹಾಕಿ, ಮಗು ಈಗಷ್ಟೇ ಮಲಗಿದೆ," ಎಂದ. ಅವಳು ಹೇಳುತ್ತಿದ್ದ ಹಾಗೇ, ಅವಳ ದನಿಯನ್ನು ಒಳಗೆ ಕೇಳಿಸಿಕೊಳ್ಳುತ್ತಾ. ಮಾತು ಬಾಯಿಂದ ಹೊರಬಿತ್ತು. ಒಳಗಿದ್ದ ದನಿ ಆರಿತು. ಮಾತು ಉಳಿಯಿತು, ದನಿ ಇಲ್ಲ.

"ಛತ್ರಿ ಇವತ್ತೂ ಬಸ್ಸಲ್ಲೇ ಬಿಟ್ಟು ಬಂದ್ರಾ." ಹೋಯಿತು.

"ನಿಮ್ಮ ಮೀಟರ್‌ಗೆ ಹೇಳಿ, ನಾನು ಕಿರುಚ್ತಿಲ್ಲ." ಹೋಯಿತು.

"ನೋಡಿ, ನಿಮ್ಮ ಹಾಗೇ ಗೊರಕೆ ಹೊಡಿಯುತ್ತೆ ಇದು." ಮಗು ಹುಟ್ಟಿದ ದಿನ ಹೇಳಿದ್ದು. ಅದೂ ಹೋಯಿತು.

ಎಳೆಗಳು ಒಣಗತೊಡಗಿದವು. ಚಟ್. ಚಟ್. ಕಿಟಕಿಯಲ್ಲಿ ಪಾದಗಳು ಹಾದುಹೋದವು. ಕತ್ತಲು ಮೂಲೆ ಬಿಟ್ಟು ಮೇಜಿನ ತನಕ ಬಂತು. ಸಿಟ್ಟಿನ ದನಿ ಹೋಯಿತು. ಜ್ವರದ ದನಿ ಹೋಯಿತು. ಸ್ನಾನದ ಮನೆಯ ಹಾಡು ಹೋಯಿತು. ಗುಬ್ಬಿ ಅವನ ಅಂಗಿ ಜಗ್ಗುತ್ತಿದ್ದಳು. ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಗುನುಗು ಹೋಯಿತು. ಹದಿಮೂರು ವರ್ಷದ ಬೆಳಗುಗಳು ಮೂಕವಾದವು.

ಒಂದು ಉಳಿಯಿತು. ಅವನು ಬಾಯಿ ಮುಚ್ಚಿಕೊಂಡ.

"ಇನ್ನೂ ಇದೆ," ಎಂದಳು ಮುದುಕಿ.

"ಒಂದೇ ಒಂದು. ಇದನ್ನ ಬಿಟ್ಬಿಡಿ."

ಗುಬ್ಬಿಯ ಉಸಿರು ಸಿಕ್ಕಿಕೊಂಡಿತು. ಕೆನ್ನೆ ನೀಲಿಗಟ್ಟಿತು. ಅವಳ ಕೈ ಅವನ ಅಂಗಿಯಿಂದ ಜಾರಿತು. ಪೆಟ್ಟಿಗೆಯೊಳಗಿನ ಗಂಟಲು ಕೊನೆಯ ಬಾರಿ ಮೇಲೆದ್ದು, ಅವನಿಗೆ ಮಾತ್ರ ಕೇಳಿಸುವಂತೆ, ಅವನನ್ನು ಕರೆಯಿತು.

"ರೀ."

"ರೀ," ಎಂದ ಅವನು, ಅವಳಂತೆಯೇ. ಅದೂ ಹೋಯಿತು.

ಮರ ಸೀಳಿದ ಸದ್ದು. ಆಮೇಲೆ ಮೌನ. ಪೆಟ್ಟಿಗೆಯ ತಳದಲ್ಲಿ ಒಣಗಿದ ಉಗುರಗಲದ ಚೂರು ಬಿದ್ದಿತ್ತು. ಮುದುಕಿ ಅದನ್ನು ಇಕ್ಕಳದಿಂದ ಎತ್ತಿ ಉರಿಗೆ ಹಾಕಿದಳು.

ಮೊದಲು ಕೆಮ್ಮು ಕೇಳಿಸಿತು. ಆಮೇಲೆ ಅಳು. ಇಡೀ ಬೀದಿಗೆ ಕೇಳುವಂತೆ ಗುಬ್ಬಿ ಅತ್ತಳು, "ಯಾಕ್ ಕಳಿಸ್ದೆ, ಯಾಕ್ ಕಳಿಸ್ದೆ," ಎಂದು ಅವನ ಎದೆಗೆ ಗುದ್ದಿದಳು. ಅವನು ಗುದ್ದಿಸಿಕೊಂಡ. ಮೀಟರಿನಲ್ಲಿ ತೊಂಬತ್ತಾದರೂ ಇರುತ್ತಿತ್ತು.

ಮುದುಕಿ ವಾದ್ಯವನ್ನು ಹೊಸ ಅಂಟು ಹಾಕಿ ಮುಚ್ಚಿಕೊಟ್ಟಳು. ಅದೀಗ ಬರೀ ಮ್ಯಾಂಡೋಲಿನ್. ಗುಬ್ಬಿ ತಿಂಗಳ ಕಾಲ ಅದನ್ನು ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು, ಮಕ್ಕಳು ಹಾಗೇ, ಪುಣ್ಯ.

ಒಂದು ಭಾನುವಾರ ಮಧ್ಯಾಹ್ನ ಅವನು ಒಣಗಿದ ಬಟ್ಟೆ ಮಡಚುತ್ತಿದ್ದ. "ರೀ, ಒಂದ್ಸಲ ಇಲ್ಲಿ ನೋಡ್ರೀ," ಎಂದು ಯಾವುದೋ ಹೆಂಗಸು ಕರೆದಳು. ಮೇಲಿನ ಮನೆಯಾಕೆ ಗಂಡನನ್ನು ಕರೆಯುತ್ತಿದ್ದಾಳೆಂದುಕೊಂಡು ಅವನು ಇನ್ನೊಂದು ಅಂಗಿ ಎತ್ತಿಕೊಂಡ.

"ಅಪ್ಪಾ," ಎಂದಳು ಗುಬ್ಬಿ. ಅವಳ ಕೈಯಲ್ಲಿ ಅವನ ಫೋನಿತ್ತು. "ಅಮ್ಮ ಕಣಪ್ಪಾ. ಹಳೇ ವಿಡಿಯೋ."

ಅವನು ಬಂದು ನೋಡಿದ. ಮುಖ ಅವಳದ್ದೇ, ಕೆನ್ನೆಯ ಮಚ್ಚೆ ಅವಳದ್ದೇ. ತುಟಿ ಆಡುತ್ತಿತ್ತು. ಬರುತ್ತಿದ್ದ ದನಿ ಬಸ್ಸಿನಲ್ಲೋ ಅಂಗಡಿಯಲ್ಲೋ ಪಕ್ಕದಲ್ಲಿ ನಿಂತ ಯಾರದ್ದೋ ಎಂಬಂತಿತ್ತು.

"ನನ್ ದನಿ ಅಮ್ಮನ ಥರಾನೇ ಆಗ್ತಿದೆ ಅಂತ ಅತ್ತೆ ಹೇಳಿದ್ರು. ಹೌದಾಪ್ಪಾ?"

"ಹೂಂ ಪುಟ್ಟಾ," ಎಂದ ಅವನು. "ಥೇಟ್ ಅಮ್ಮನದ್ದೇ."

ಗುಬ್ಬಿ ಖುಷಿಯಾಗಿ ಮತ್ತೊಮ್ಮೆ ಹಾಕಿದಳು. ಅವನು ಅವಳ ಪಕ್ಕ ಕೂತು, ಯಾರೋ ಯಾರನ್ನೋ ಕರೆಯುವುದನ್ನು ಕೊನೆಯವರೆಗೂ ಕೇಳಿದ.