ಸಪ್ಪಲಮ್ಮನ ಕಬ್ಬಿಣದ ಮುಚ್ಚಳ

“ಕತ್ಲಾಗೋದ್ರೊಳಗೆ ಅದನ್ನ ತಂದಿಡವ್ವ,” ಎಂದಳು ಮುನಿತಾಯಮ್ಮ, ಹೊಸ್ತಿಲು ದಾಟದೆ.

ಗಂಡನ ತಿಥಿಯೂಟ ಮುಗಿದ ಮರುದಿನ. ನೆಂಟರೆಲ್ಲ ಹೋಗಿದ್ದರು. ದೇವನಹಳ್ಳಿಯ ಬಾಡಿಗೆ ಮನೆಯಲ್ಲಿ ವನಜಾಕ್ಷಿ ಮಗುವಿನ ಬಟ್ಟೆ ಹಿಂಡುತ್ತಿದ್ದಳು.

ಮುನಿತಾಯಮ್ಮ ಕುಂದಾಣದ ಸಪ್ಪಲಮ್ಮನ ಗುಡಿಯ ಪೂಜಾರಮ್ಮ. ಗುಡಿಯ ಹಿಂದಿನ ಗುಂಡಿಗೆ ಅವಳ ತಾತ ಏನನ್ನೋ ಮಂತ್ರ ಹಾಕಿ ಇಳಿಸಿ, ಕಬ್ಬಿಣದ ಮುಚ್ಚಳ ಹಾಕಿದ್ದನಂತೆ. ವನಜಾಕ್ಷಿಯ ಗಂಡ ಸಂಜೀವಪ್ಪ ಅಲ್ಲೇ, ನೆಲದಡಿ ಹೂತುಹೋದ ಪುರಾತನ ಜ್ವಾಲಾಮುಖಿಯ ಸರ್ವೆಯಲ್ಲಿದ್ದ. ಕೆಳಗೆ ಭಾರವಾದದ್ದೇನೋ ಇದೆಯೆಂದು ಗುರುತ್ವಮಾಪಕ ತೋರಿಸಿತ್ತು. ಆಳ ತಿಳಿಯಲು ಕಬ್ಬಿಣದ ಹಲಗೆಯ ಮೇಲೆ ಸುತ್ತಿಗೆಯಿಂದ ಹೊಡೆದು, ಮರಳಿ ಬರುವ ಕಂಪನವನ್ನು ಯಂತ್ರದಲ್ಲಿ ಹಿಡಿಯಬೇಕು. ಹಲಗೆ ಸೀಳಿಹೋದಾಗ ಗುಂಡಿಯ ಆ ಮುಚ್ಚಳವನ್ನು ಎರವಲು ತಂದ.

ದಿನದಿನಕ್ಕೂ ಮರುದನಿ ಬೇಗ ಬಂತು, ಕೆಳಗಿದ್ದದ್ದು ಮೇಲೇರುತ್ತಿರುವಂತೆ. ಯಂತ್ರ ಕೆಟ್ಟಿದೆಯೆಂದು ನಕ್ಕಿದ್ದ. ಕೊನೆಯ ದಿನ, ಎತ್ತಿದ ಸುತ್ತಿಗೆ ಬೀಳುವ ಮೊದಲೇ ಮರುದನಿ ಬಂತು. ಅಲ್ಲೇ ಕುಸಿದ.

“ಅದು ಕದ ಕಣವ್ವ, ತಟ್ಟಬಾರ್ದಿತ್ತು. ಮುಚ್ದೆ ಇದ್ರೆ ಕೂಸ್ನೂ ಕೇಳ್ತದೆ. ಮುಚ್ಚುವಾಗ ಯಾರು ಕರೆದ್ರೂ ಓ ಅನ್ಬೇಡ.”

“ಅವರ ಹೃದಯ ನಿಂತಿದ್ದು, ಅಜ್ಜಿ. ನಾನೂ ಫಿಸಿಕ್ಸ್ ಓದಿದೀನಿ.”

“ಓದವ್ವ, ಯಾರು ಬ್ಯಾಡಂದ್ರು? ಮೊದ್ಲು ತಂದಿಡು, ಆಮೇಕೆ ಓದು.”

ಮುದುಕಿ ಹೋದಳು. ಗಂಡನ ಸಾಮಾನಿನ ಜೊತೆ ಮನೆಗೆ ಬಂದಿದ್ದ ಮುಚ್ಚಳವನ್ನು ವನಜಾಕ್ಷಿ ಅಡುಗೆಮನೆಯ ನೆಲಕ್ಕೆ ಹಾಕಿ, ಬೇಕೆಂದೇ ಕುಟ್ಟಾಣಿಯಿಂದ ಒಂದೇಟು ಹೊಡೆದಳು. ಠಣ್. ತುಕ್ಕಿನ ವಾಸನೆ. ಮತ್ತೇನೂ ಇಲ್ಲ.

ಆಮೇಲೆ ನಡುಮನೆಯಲ್ಲಿ, ತೊಟ್ಟಿಲಿನ ಕೆಳಗಿನಿಂದ: ಠಣ್.

ಓಡಿದಳು. ಗಂಧಕ ಸುಟ್ಟ ನಾತ. ತೊಟ್ಟಿಲು ತಾನೇ ತೂಗುತ್ತಿತ್ತು. ಮಗು ಬಗ್ಗಿ ನೆಲವನ್ನು ನೋಡಿ ನಗುತ್ತಿತ್ತು.

ಮಗುವನ್ನೂ ಮುಚ್ಚಳವನ್ನೂ ಎತ್ತಿಕೊಂಡು ಕುಂದಾಣದಲ್ಲಿ ಬಸ್ಸಿಳಿದಾಗ ಹೊತ್ತು ಮುಳುಗುತ್ತಿತ್ತು. ಮಗುವನ್ನು ಮುನಿತಾಯಮ್ಮನ ತೋಳಿಗೆ ಹಾಕಿ ಗುಂಡಿಯ ಬಳಿ ಮಂಡಿಯೂರಿದಳು. ಕೆಳಗಿನಿಂದ ಬಿಸಿ ಉಸಿರು. ಕತ್ತಲು.

“ವನಜಾ...”

ಅವನದೇ ದನಿ.

“ಕೈ ಕೊಡೇ. ಬರ್ತೀನಿ.”

ಹಿಂದೆ ಮಗು ಗುಂಡಿಯತ್ತ ಕೈ ಚಾಚಿ ಕೊಸರಾಡಿತು. “ಹಿಡಿಯಕ್ಕಾಯ್ತಿಲ್ಲ ಕಣವ್ವ!” ಮುನಿತಾಯಮ್ಮ ಚೀರಿದಳು.

ವನಜಾಕ್ಷಿ ತುಟಿ ಕಚ್ಚಿದಳು. ರಕ್ತದ ರುಚಿ. ಮುಚ್ಚಳ ತಳ್ಳಿದಳು. ಅದರ ಮೇಲೇ ಕೂತಳು.

ಮಗು ಸುಮ್ಮನಾಯಿತು.

ಅಡಿಯಿಂದ ಮೆಲ್ಲನೆ ಎರಡು ಬಡಿತ. ಸರ್ವೆಯಿಂದ ತಡವಾಗಿ ಬಂದಾಗ, ಮಗು ಎಚ್ಚರಾಗದಿರಲೆಂದು, ಅವನು ಹೀಗೇ ಕದ ತಟ್ಟುತ್ತಿದ್ದ. ಮೂರನೆಯದು ಬೀಳುವ ಮೊದಲೇ ಅವಳು ತೆಗೆಯುತ್ತಿದ್ದಳು.

ಮೂರನೆಯದು ಬಿತ್ತು.